ಕಾಲರಿನೊಳಗಿನ ನಂಬರು

ಥೆಲ್ಮಾ ಹಾಸ್ಕಿನ್ಸ್‌ಗೆ ಒಂದು ಕಡೆ ಕೂತು ಹೊಲಿಯಲಾಗದೆ ಆರು ತಿಂಗಳಾಗಿತ್ತು. ಸಿನಿಮಾ ಸ್ಟುಡಿಯೋದ ಉಡುಪಿನ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ದರ್ಜಿ. ಸೂಜಿ ಹಿಡಿದರೆ ಅವಳ ಸಮ ಯಾರೂ ಇರಲಿಲ್ಲ. ಈಗ ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗುವಳು, ಬಾಗಿಲಿಗೆ ಹೋಗುವಳು, ಕಾಸಿದ ಕಾಫಿಯನ್ನು ಕುಡಿಯದೆ ಚೆಲ್ಲುವಳು. ಪಕ್ಕದ ಮೇಜಿನ ಮಿಲ್ಡ್ರೆಡ್, "ಕುರ್ಚಿ ಮೇಲೆ ಯಾರಾದ್ರೂ ಮುಳ್ಳು ಇಟ್ಟಿದಾರೇನೇ?" ಎಂದು ಛೇಡಿಸುತ್ತಿದ್ದಳು.

ಛೇಡಿಸುವುದು ಸುಲಭ. ಯುದ್ಧಕ್ಕೆ ಹೋದ ಗಂಡ ವೆಂಡೆಲ್ ಹತ್ತಿದ್ದ ಹಡಗು ದೂರದ ಲೇಟೆ ದ್ವೀಪದ ಹತ್ತಿರ ಮುಳುಗಿ, ಅವನು ಕಾಣೆಯಾಗಿದ್ದಾನೆಂದು ಮೊದಲು ತಂತಿ ಬಂತು. ವರ್ಷದ ಮೇಲೆ ಒಂದು ಕಾಗದ: ಸತ್ತಿರಬೇಕೆಂದು ಸರ್ಕಾರ ಭಾವಿಸುತ್ತದೆ. ಇದೆಂಥ ಮಾತು? ಸರ್ಕಾರ ಭಾವಿಸಿದ ಮಾತ್ರಕ್ಕೆ ಹೆಂಡತಿ ವಿಧವೆಯಾಗಿಬಿಡುತ್ತಾಳೆಯೇ? ಇತ್ತ ಸೆಟ್ಟಿನ ಬಡಗಿ ರಾಯ್ಸ್ ಗ್ಯಾಂಟ್, ಯುದ್ಧದಲ್ಲಿ ಎರಡು ಬೆರಳು ಕಳೆದುಕೊಂಡು ಬಂದವನು, ಫ್ರೆಸ್ನೋ ಊರಿನಲ್ಲಿ ಮನೆ ಕಟ್ಟುವ ಕೆಲಸ ಹಿಡಿದಿದ್ದ. ಶನಿವಾರ ಹೊರಡುತ್ತೇನೆ, ಮದುವೆಯಾಗಿ ನನ್ನ ಜೊತೆ ಬರುತ್ತೀಯೋ ಇಲ್ಲವೋ ಅಷ್ಟರೊಳಗೆ ಹೇಳಿಬಿಡು ಎಂದಿದ್ದ. ಅಂದು ಗುರುವಾರ.

ಆಗ ತೆಗೆಯುತ್ತಿದ್ದ ಚಿತ್ರದ್ದೂ ಅದೇ ಗೋಳು. ಯುದ್ಧ ಮುಗಿದಿದೆ, ನಾಯಕ ರೈಲಿಳಿಯುತ್ತಾನೆ, ನಾಯಕಿ ಓಡಿ ಬರುತ್ತಾಳೆ. ಗುಂಪಿನಲ್ಲಿ ನಿಲ್ಲಲು ಸೈನ್ಯದಿಂದ ಬಿಡುಗಡೆಯಾಗಿದ್ದ ನಲವತ್ತು ಜನ ಬಂದಿದ್ದರು. ಸ್ವಂತ ಸಮವಸ್ತ್ರ ತನ್ನಿ ಎಂದರೆ ಎಲ್ಲರೂ ಮದುಮಕ್ಕಳ ಹಾಗೆ ಇಸ್ತ್ರಿ ಮಾಡಿಕೊಂಡು ಬಂದರು. ನಿರ್ದೇಶಕನಿಗೆ ಸಿಟ್ಟು ಬಂದು ನಲವತ್ತು ಕೋಟುಗಳನ್ನೂ ಬಿಚ್ಚಿಸಿ ಥೆಲ್ಮಾಳ ಮೇಜಿಗೆ ಕಳಿಸಿದ. ಅವನ್ನು ಸುಕ್ಕು ಮಾಡಿ, ಮಣ್ಣಿನ ಪುಡಿ ಉದುರಿಸಿ, ದೂರದಿಂದ ಬಂದವರ ಬಟ್ಟೆ ಮಾಡಬೇಕಿತ್ತು.

ಸೈನ್ಯದಲ್ಲಿ ಎಲ್ಲರ ಬಟ್ಟೆಯೂ ಒಂದೇ. ಒಗೆಯಲು ಹಾಕಿದಾಗ ಅದಲುಬದಲಾಗದಿರಲಿ ಎಂದು ಮನೆತನದ ಹೆಸರಿನ ಮೊದಲ ಅಕ್ಷರವನ್ನೂ ಸೈನಿಕನ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನೂ ಕಾಲರಿನೊಳಗೆ ಶಾಯಿಯಲ್ಲಿ ಬರೆದಿರುತ್ತಾರೆ. ಹದಿನೇಳನೆಯ ಕೋಟಿನಲ್ಲಿ ಇದ್ದದ್ದು ಎಚ್ 4417. ಎಚ್ ಎಂದರೆ ಹಾಸ್ಕಿನ್ಸ್; ವೆಂಡೆಲ್‌ಗೆ ಬರೆದ ಪ್ರತಿ ಕಾಗದದ ಮೇಲೂ ಥೆಲ್ಮಾ 4417ರಲ್ಲಿ ಮುಗಿಯುವ ನಂಬರನ್ನೇ ಬರೆದಿದ್ದಳು. ನೆನಪು ಕಳೆದುಕೊಂಡು ಅಲೆಯುವ ಸೈನಿಕರ ಸುದ್ದಿ ಪತ್ರಿಕೆಯಲ್ಲಿ ದಿನಾ ಬರುತ್ತಿತ್ತು. ವೆಂಡೆಲ್ ಈ ನಲವತ್ತರಲ್ಲಿ ಒಬ್ಬನಾಗಿದ್ದರೆ?

ಕೋಟು ಹಿಡಿದು ಅಂಗಳಕ್ಕೆ ಬಂದಳು. ನಲವತ್ತು ಜನ ಬನಿಯನ್ನಿನಲ್ಲಿ ಕೂತು ಸಿಗರೇಟು ಸೇದುತ್ತಿದ್ದರು. ಓಡಬೇಕಿತ್ತು, ಕಾಲು ಎಳೆದುಕೊಂಡು ನಡೆದಳು. ಒಂದೊಂದೇ ಮುಖ ನೋಡುತ್ತ, ಇವನಲ್ಲ, ಸದ್ಯ, ಇವನೂ ಅಲ್ಲ ಎಂದುಕೊಳ್ಳುತ್ತಿದ್ದಳು. ಸದ್ಯ ಎಂಬ ಮಾತು ತನ್ನ ಒಳಗಿಂದಲೇ ಬರುತ್ತಿದೆಯೆಂದು ಅರಿವಾದಾಗ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಕೆಂಚುಗೂದಲಿನ ಹುಡುಗನೊಬ್ಬ ಎದ್ದು ನಿಂತ. "ಅದು ನಂದು ಮೇಡಂ. ಹ್ಯಾಮಿಲ್, ಒಹಾಯೋ ಕಡೆಯವನು. ಯಾಕೆ, ಹರಿದೋಯ್ತಾ?"

ಕೋಟು ಮೊದಲಿಂದಲೂ ಅವನದೇ ತಾನೇ ಎಂದು ಕೇಳಿದಳು. ಸೇರಿದ ದಿನದಿಂದ ತನ್ನದೇ ಎಂದು ಅವನು ಕೊರಳಿನಲ್ಲಿದ್ದ ಸೈನ್ಯದ ನಂಬರಿನ ತಗಡಿನ ಬಿಲ್ಲೆ ತೋರಿಸಿದ. ಉದ್ದನೆಯ ನಂಬರಿನಲ್ಲಿ ಕೊನೆಯ ನಾಲ್ಕು ಮಾತ್ರ ವೆಂಡೆಲ್‌ನವು. ಅಷ್ಟು ದೊಡ್ಡ ಸೈನ್ಯದಲ್ಲಿ ಇಂಥವು ಎಷ್ಟಿದ್ದಾವು! ಏನೂ ಹರಿದಿಲ್ಲ ಎಂದು ಹೇಳಿ ಥೆಲ್ಮಾ ಸೆಟ್ಟಿನ ಕಡೆ ಹೋದಳು.

ರಾಯ್ಸ್ ನಿಲ್ದಾಣದ ಬೆಂಚಿಗೆ ಮೊಳೆ ಹೊಡೆಯುತ್ತಿದ್ದ. ಅವಳ ಮುಖ ನೋಡಿ ಸುತ್ತಿಗೆ ಕೆಳಗಿಟ್ಟ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಳು.

"ಬದುಕಿ ಬಂದುಬಿಟ್ನೇನೋ ಅಂತ ಹೆದರಿದೆ ಕಣೋ. ಎರಡು ವರ್ಷ ಬರಲಿ ಬರಲಿ ಅಂದೆ. ಬಂದ ಅಂದ ತಕ್ಷಣ ಹೆದರಿದೆ. ಇಂಥವಳನ್ನ ಕಟ್ಕೊಳ್ತೀಯಾ?"

ರಾಯ್ಸ್ ಬೆಂಚಿನ ಮೇಲಿನ ಮೊಳೆಗಳನ್ನು ಸರಿಸಿ ಅವಳಿಗೆ ಜಾಗ ಮಾಡಿದ. "ದಿನಾ ಬೆಳಿಗ್ಗೆ ಪೇಪರ್ ತೆಗೆದಾಗ ನಾನು ಹೆದರೋದೂ ಅದಕ್ಕೇ," ಎಂದ.

ಥೆಲ್ಮಾ ಬೆಂಚಿನ ಮೇಲೆ ಕೂತಳು. ಶನಿವಾರ ಬರುತ್ತೇನೆ ಎಂದಳು. ಆಮೇಲೆ, ಕಾಗದ ಬಂದಂದಿನಿಂದ ಮೊದಲ ಸಲ, ವೆಂಡೆಲ್ ಸತ್ತುಹೋದ ಎಂದು ಬಾಯಿಬಿಟ್ಟು ಹೇಳಿ ಗಟ್ಟಿಯಾಗಿ ಅತ್ತಳು.