ವರ್ಲಿನ್‌ನ ಕಿವಿ ಮತ್ತು ಹಸಿರು ಶೆವೆಲ್

ಟೇಲರ್ ಊರಿನಲ್ಲಿ ಯಾರ ಹಳೆ ಕಾರು ಕೆಮ್ಮಿದರೂ ಜನ ಮೊದಲು ಹುಡುಕುತ್ತಿದ್ದದ್ದು ವರ್ಲಿನ್ ಸ್ಟಿಡಮ್‌ನನ್ನು. ಮೆಕ್ಯಾನಿಕ್ಕುಗಳಿಗೇನೂ ಬರವಿರಲಿಲ್ಲ, ಡೆಟ್ರಾಯ್ಟ್ ನಗರದ ದಕ್ಷಿಣದ ಈ ಊರುಗಳಲ್ಲಿ ಮನೆಗೊಬ್ಬ ಕಾರು ಕಾರ್ಖಾನೆಯಲ್ಲಿ ಬೆವರು ಸುರಿಸಿದವನು ಇದ್ದೇ ಇದ್ದ. ಆದರೆ ವರ್ಲಿನ್ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿದ್ದವರು ಹರಟೆ ನಿಲ್ಲಿಸುತ್ತಿದ್ದರು. "ಆರನೇ ಸಿಲಿಂಡರು. ಟ್ಯಾಪೆಟ್ ಸಡಿಲ ಆಗಿದೆ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಆರನೆಯದೇ ಆಗಿರುತ್ತಿತ್ತು.

ಅವನ ಅಪ್ಪ ಕೆಂಟಕಿಯ ಕಲ್ಲಿದ್ದಲು ಗಣಿ ಬಿಟ್ಟು ಕೂಲಿ ಹುಡುಕಿಕೊಂಡು ಬಂದವನು. ವರ್ಲಿನ್ ಶಾಲೆ ಮುಗಿಸಿದ ಬೇಸಿಗೆಯಲ್ಲೇ ತಗಡು ಒತ್ತುವ ಕಾರ್ಖಾನೆಗೆ ಸೇರಿದ. ಮನೆಯೆತ್ತರದ ಪ್ರೆಸ್ಸುಗಳು ಹಗಲೂ ರಾತ್ರಿ ಧಡಲ್ ಧಡಲ್ ಎಂದು ಕಾರಿನ ಬಾಗಿಲುಗಳನ್ನು ಅಚ್ಚೊತ್ತುವ ಜಾಗ ಅದು. ಕಿವಿಗೆ ಹತ್ತಿ ತುರುಕಿಕೊಂಡವನನ್ನು ಆ ಕಾಲದಲ್ಲಿ ಜೊತೆಯವರು ಹೆಂಗಸು ಎಂದು ಆಡಿಕೊಳ್ಳುತ್ತಿದ್ದರು. ವರ್ಲಿನ್ ಗಂಡಸಾಗಿಯೇ ಉಳಿದ. ನಿವೃತ್ತಿಯ ದಿನದವರೆಗೂ ಕಿವಿಗೆ ಏನೂ ಇಡಲಿಲ್ಲ.

ಕಡು ಹಸಿರು ಬಣ್ಣದ ಆ ಶೆವೆಲ್ ಕಾರನ್ನು ಅವನು ಕೊಂಡದ್ದು ಮದುವೆಗೂ ಮುಂಚೆ. ಅರವತ್ತೊಂಬತ್ತರ ಮಾಡೆಲ್ಲು, ದೊಡ್ಡ ಎಂಟು ಸಿಲಿಂಡರಿನ ಎಂಜಿನ್. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಒಪಲ್‌ಳನ್ನು ಅದರಲ್ಲೇ ಕೂರಿಸಿಕೊಂಡು ಸುತ್ತಿ, ಅದರಲ್ಲೇ ಮದುವೆಗೆ ಕೇಳಿ, ಅದರಲ್ಲೇ ಚರ್ಚಿಗೆ ಕರೆದೊಯ್ದ. ಅಂಥ ಕಾರುಗಳ ಎಂಜಿನ್ನನ್ನು ಬಹಳ ಜನ ಯಾವಾಗಲೋ ಬದಲಾಯಿಸಿಬಿಟ್ಟಿದ್ದಾರೆ. ವರ್ಲಿನ್‌ನದು ಹಾಗಲ್ಲ. ಎಂಜಿನ್ನಿನ ಎರಕದ ಮೇಲೆ ಕೊರೆದ ಅಂಕಿಯೂ ಕಾರಿನ ಅಂಕಿಯೂ ಒಂದೇ. ಕಾರಿನ ಜೊತೆಗೇ ಹುಟ್ಟಿದ ಎಂಜಿನ್. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಚಳಿಗಾಲ ಬಂದು, ಹಿಮ ಕರಗಿಸಲು ರಸ್ತೆಗೆ ತಗಡು ತಿನ್ನುವ ಉಪ್ಪು ಚೆಲ್ಲುವುದಕ್ಕೆ ಮುಂಚೆ ಕಾರು ಮನೆಯ ಗ್ಯಾರೇಜು ಸೇರುತ್ತಿತ್ತು. ಚಕ್ರದ ಕೆಳಗೆ ಮರದ ದಿಮ್ಮಿ, ಇಲಿ ಬಾರದಂತೆ ಹೊಗೆಕೊಳವೆಗೆ ಉಕ್ಕಿನ ನಾರು, ಮೇಲೆ ಹಳೆಯ ಹೊದಿಕೆ. ಹಿಮ ಕರಗಿದರೆ ಸಾಲದು, ವಸಂತದ ಮಳೆ ಬಂದು ರಸ್ತೆಯ ಉಪ್ಪನ್ನೆಲ್ಲ ತೊಳೆದುಕೊಂಡು ಹೋಗಬೇಕು. ಆಮೇಲಷ್ಟೇ ಕಾರಿಗೆ ಬಿಸಿಲು. ಕಾರ್ಖಾನೆ ಕೆಲಕಾಲ ಮುಚ್ಚಿ ಜನ ಬೀದಿಗೆ ಬಿದ್ದ ವರ್ಷ ಮನೆಯಿಂದ ದೋಣಿ ಮಾರಿಹೋಯಿತು, ದೊಡ್ಡ ಫ್ರೀಜರ್ ಹೋಯಿತು, ಒಪಲ್‌ಳ ಪಿಯಾನೋ ಹೋಯಿತು. ಕಾರು ಹೋಗಲಿಲ್ಲ. ಪಿಯಾನೋ ಹೊತ್ತುಕೊಂಡು ಹೋಗುವವರಿಗೆ ಬಾಗಿಲು ಹಿಡಿದು ನಿಂತವಳು ಒಪಲ್ಲೇ. ಆಮೇಲೆ ಅವಳು ಭಾನುವಾರ ಚರ್ಚಿನ ಪಿಯಾನೋ ಮಾತ್ರ ನುಡಿಸಿದಳು.

ಆ ಮನೆಯಲ್ಲಿ ನಿಜವಾದ ಕಿವಿ ಇದ್ದದ್ದು ಅವಳಿಗೇ. ಎಪ್ಪತ್ತು ದಾಟಿದ ಮೇಲೂ ಹಾಡುವವರ ಗುಂಪಿನಲ್ಲಿ ಯಾರ ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿಯುತ್ತಿದ್ದಳು. ಒಮ್ಮೆ, ಬಹಳ ಹಿಂದೆ, ಯಾರದೋ ಕಾರು ಹಾದುಹೋದಾಗ ಬಾಯಿತಪ್ಪಿ ಅಂದಿದ್ದಳು: "ಅದರಲ್ಲೇನೋ ಅಪಸ್ವರ ಇದೆ." ವರ್ಲಿನ್ ಎಲ್ಲರ ಎದುರು ನಕ್ಕ. "ನಿನ್ನ ಕಿವಿ ದೇವರ ಹಾಡಿಗೆ ಸಾಕು ಕಣೇ. ಎಂಜಿನ್ ನನಗೆ ಬಿಡು." ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಪಲ್ ಮತ್ತೆ ಎಂಜಿನ್ ಸುದ್ದಿಗೆ ಬಾಯಿ ಹಾಕಲಿಲ್ಲ.

ಅವನ ಕಿವಿ ಮಂದವಾಗಿದ್ದನ್ನೂ ಮೊದಲು ಕಂಡುಕೊಂಡವಳು ಅವಳೇ. ಓವನ್ನಿನ ಗಂಟೆ ಕಿಣಿಕಿಣಿ ಎನ್ನುತ್ತಿದ್ದರೆ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಜೋಳದ ಬ್ರೆಡ್ಡು ಸೀದು ವಾಸನೆ ಬಂದ ಮೇಲೆ ತಲೆ ಎತ್ತುತ್ತಿದ್ದ. ಕಿವಿ ತೋರಿಸೋಣ ಎಂದರೆ ಸಿಡಿಮಿಡಿ.

"ನನ್ನ ಕಿವಿಗೇನಾಗಿದೆ? ಈಗಿನ ಜನಾನೇ ಬಾಯೊಳಗೆ ಗೊಣಗೊಣ ಅಂತಾರೆ."

"ನಾನೂ ಗೊಣಗ್ತೀನಾ?"

"ನೀನು ಮದುವೆ ಆದಾಗ್ನಿಂದ ಗೊಣಗ್ತಿದೀಯ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಳೆ ಕಾರು ಇಟ್ಟುಕೊಂಡ ಸ್ನೇಹಿತರ ನಡುವೆ ಈ ಕಿವಿಯ ಮಾತು ಮುಗಿದದ್ದು ಬೇರೆ ರೀತಿಯಲ್ಲಿ. ಬೇಸಿಗೆಯ ಶನಿವಾರ ಸಂಜೆಗಳಲ್ಲಿ ಅವರೆಲ್ಲ ಟೆಲಿಗ್ರಾಫ್ ರಸ್ತೆಯ ಹಾಟ್ ಡಾಗ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬಾನೆಟ್ ತೆರೆದು, ಮಡಚುವ ಕುರ್ಚಿ ಹಾಕಿಕೊಂಡು ಕೂರುವ ರೂಢಿ. ಒಂದು ಸಂಜೆ ಡ್ವೇನ್ ಕುಪಿಯೆಟ್ಸ್ ತನ್ನ ಡಾರ್ಟ್ ಕಾರನ್ನು ತಂದ. ಅವನು ವರ್ಲಿನ್‌ಗೆ ಕಾರ್ಖಾನೆಯ ಪ್ರೆಸ್ಸಿನ ಮುಂದೆಯೂ ಜೊತೆಗಾರ, ಮೀನು ಹಿಡಿಯುವುದಕ್ಕೂ ಜೊತೆಗಾರ. ಡಾರ್ಟ್ ಹೊಲಿಗೆ ಯಂತ್ರದ ಹಾಗೆ ಟಕಟಕ ಎನ್ನುತ್ತಿತ್ತು. ವರ್ಲಿನ್ ಸ್ಕ್ರೂಡ್ರೈವರ್ ಊರಿದ, ಕಣ್ಣು ಮುಚ್ಚಿದ. "ಏನೂ ಆಗಿಲ್ಲ ಮಾರಾಯ. ಸುಮ್ನೆ ಓಡ್ಸು" ಅಂದ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡ್ವೇನ್ ಥ್ಯಾಂಕ್ಸ್ ಹೇಳಿ ಬಾನೆಟ್ ಮುಚ್ಚಿದ.

ಮುಂದಿನ ಬೇಸಿಗೆಯಲ್ಲಿ ಡ್ವೇನ್ ಒಪಲ್‌ಳನ್ನು ಅಂಗಡಿಯ ಮರೆಗೆ ಕರೆದು ಹೇಳಿದ:

"ನಾವೀಗ ಕಾರನ್ನ ಹೊರಗೆಲ್ಲೋ ಸರಿ ಮಾಡಿಸ್ಕೊಂಡ್ಮೇಲೇ ವರ್ಲಿನ್ ಹತ್ರ ತರ್ತೀವಿ. ಅವನು ಕೇಳಿ, ಸರಿ ಇದೆ ಅಂತಾನೆ. ಸರೀನೇ ಇರುತ್ತೆ. ನೀನೇನೂ ಹೇಳೋಕೆ ಹೋಗ್ಬೇಡ."

"ಎಲ್ರೂ ಹೀಗೇ ಮಾಡ್ತಿದೀರಾ?"

"ಎಲ್ರೂ. ಅವನಿಗೆ ಇನ್ನೇನಿದೆ ಹೇಳು, ಅದೊಂದು ಕಿವಿ ಬಿಟ್ರೆ."

ಒಪಲ್‌ಗೆ ಆಗ ಕಣ್ಣು ತುಂಬಿ ಬಂತು. ಎಷ್ಟು ಒಳ್ಳೆಯವರು ಎಂದುಕೊಂಡಳು. ಆಮೇಲೆ ಪ್ರತಿ ಶನಿವಾರ ಗಟ್ಟಿಮುಟ್ಟಾದ ಎಂಜಿನ್ನುಗಳು ಸಾಲಾಗಿ ವರ್ಲಿನ್‌ನ ಮುಂದೆ ಬಂದವು. ಅವನು ಒಂದೊಂದಕ್ಕೂ ಸ್ಕ್ರೂಡ್ರೈವರ್ ಊರಿ, ತಲೆಯಾಡಿಸಿ, ಹರಸಿ ಕಳಿಸಿದ. ಅವನ ಮಾತು ಒಂದೂ ಸುಳ್ಳಾಗಲಿಲ್ಲ. ಮನೆಗೆ ಬರುವಾಗ ಹೇಳುತ್ತಿದ್ದ: "ಎಲ್ಲಾ ಕಾರೂ ಚೆನ್ನಾಗಿಟ್ಕೊಂಡಿದಾರೆ ಕಣೇ. ನಾನು ಹೇಳಿ ಹೇಳಿ ಬುದ್ಧಿ ಬಂದಿದೆ."

ಎರಡು ಬೇಸಿಗೆ ಈ ನಾಟಕ ನಡೆಯಿತು. ಮೂರನೆಯ ವರ್ಷ ಏಪ್ರಿಲ್‌ನಲ್ಲಿ ಮಳೆ ಬಂತು, ರಸ್ತೆ ತೊಳೆಯಿತು. ವರ್ಲಿನ್ ಹೊದಿಕೆ ತೆಗೆದು, ಹೊಸ ಆಯಿಲ್ ಹಾಕಿ, ಶೆವೆಲ್ ಶುರು ಮಾಡಿದ. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಗ್ಯಾರೇಜು ದಾಟುತ್ತಿದ್ದ ಒಪಲ್ ಅಲ್ಲೇ ನಿಂತಳು. ಗುಡುಗಿನಂಥ ಆ ಶಬ್ದದ ಒಳಗೆ ಸಣ್ಣದೊಂದು ಟಿಕ್. ಬಿಟ್ಟು ಬಿಟ್ಟು, ತಪ್ಪದೆ, ಒಂದೇ ಕಡೆಯಿಂದ. ಆ ಎಂಜಿನ್ನನ್ನು ಐವತ್ತು ವರ್ಷ ಕೇಳಿದ್ದವಳು ಅವಳು. ಈ ಸದ್ದು ಅದರದ್ದಾಗಿರಲಿಲ್ಲ. ವರ್ಲಿನ್ ಸ್ಕ್ರೂಡ್ರೈವರಿನ ಹಿಡಿಯನ್ನು ಎಲುಬಿಗೆ ಒತ್ತಿಕೊಂಡು, ಮುಖದಲ್ಲಿ ದೊಡ್ಡ ನೆಮ್ಮದಿ ತಂದುಕೊಂಡು ನಿಂತಿದ್ದ.

"ಹೇಗಿದೆ?" ಅಂತ ಕೂಗಿದ. "ಮಗು ಮಲಗಿ ಎದ್ದ ಹಾಗಿಲ್ವಾ?"

ಈಗ ಹೇಳಬೇಕು ಎಂದು ಅವಳಿಗೆ ಗೊತ್ತಿತ್ತು. ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎನ್ನುವುದೆಂದರೆ ನಿನ್ನ ಕಿವಿ ಹೋಗಿದೆ ಎನ್ನುವುದೂ ಹೌದು, ನಿನ್ನ ಸ್ನೇಹಿತರೆಲ್ಲ ಎರಡು ವರ್ಷದಿಂದ ನಿನ್ನನ್ನು ಮಗುವಿನಂತೆ ಆಡಿಸುತ್ತಿದ್ದಾರೆ ಎನ್ನುವುದೂ ಹೌದು. ಒಂದನ್ನು ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತಿತ್ತು. ಜೊತೆಗೆ ಆ ಹಳೆಯ ನಗೆಯೂ ನೆನಪಾಯಿತು. ಎಂಜಿನ್ ನನಗೆ ಬಿಡು ಅಂದಿದ್ದನಲ್ಲ, ಬಿಟ್ಟಿದ್ದೇನೆ, ನೀನೇ ನೋಡಿಕೋ ಎಂದು ಒಳಗೆಲ್ಲೋ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಚೆನ್ನಾಗಿದೆ" ಎಂದು ಕೂಗಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಟಿಕ್ ಎನ್ನುತ್ತಿದ್ದದ್ದು ಜೂನ್ ಹೊತ್ತಿಗೆ ಟಕ್ ಎಂದಿತು. ಡ್ವೇನ್ ಅವಳನ್ನು ಮತ್ತೆ ಮರೆಗೆ ಕರೆದ.

"ಒಳಗೆ ವಾಲ್ವ್ ಎತ್ತೋ ಕ್ಯಾಮ್ ಸವೀತಿದೆ ಒಪಲ್. ಆ ಲೋಹದ ಪುಡಿ ಆಯಿಲ್ ಜೊತೆ ಎಲ್ಲಾ ಕಡೆ ಸುತ್ತುತ್ತೆ. ಬೇರಿಂಗ್ ತಿಂದುಹಾಕುತ್ತೆ. ನೀನು ಹೆಂಡ್ತಿ, ನೀನು ಹೇಳು."

"ಎಂಜಿನ್ ವಿಷಯ ನಾನು ಹೇಳಿದ್ರೆ ಅವನು ಕೇಳ್ತಾನಾ? ನೀನು ಸ್ನೇಹಿತ, ನೀನು ಹೇಳು."

"ನಾನು ಹೇಳಿದ್ರೆ ಡಾರ್ಟ್ ಕಥೇನೂ ಹೇಳ್ಬೇಕಾಗುತ್ತಲ್ಲ."

ಅವನು ಅವಳ ತಲೆಗೆ ಕಟ್ಟಿದ, ಅವಳು ಅವನ ತಲೆಗೆ ಕಟ್ಟಿದಳು, ಉಳಿದವರು ಇಬ್ಬರ ತಲೆಗೂ ಕಟ್ಟಿ ಹಾಟ್ ಡಾಗ್ ತಿಂದರು. ಸೆಪ್ಟೆಂಬರಿನಲ್ಲಿ ಶೆವೆಲ್ ಅಂಗಡಿಯ ಅಂಗಳಕ್ಕೆ ತಿರುಗಿದಾಗ ಒಳಗಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಕೇಳುತ್ತಿತ್ತು. ಅಂಗಡಿಯವನು ರೇಡಿಯೋದ ಸದ್ದು ಏರಿಸಿದ. ಜನ ಜೋರಾಗಿ ಮಾತಾಡತೊಡಗಿದರು. ವರ್ಲಿನ್ ಕಾರಿನಿಂದಿಳಿದು ಎಲ್ಲರನ್ನೂ ನೋಡಿ ನಕ್ಕ. ಇಷ್ಟು ಸಂಭ್ರಮದ ಸ್ವಾಗತ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಅಕ್ಟೋಬರಿನ ಕೊನೆಯ ಶನಿವಾರ. ಕಾರನ್ನು ಒಳಗಿಡುವ ಮುಂಚಿನ ಕೊನೆಯ ಸುತ್ತು. ಒಪಲ್ ಕೋಟು ಹಾಕಿಕೊಂಡು ಪಕ್ಕದಲ್ಲಿ ಕೂತಳು. ಇವತ್ತೊಂದು ದಿನ ದಾಟಿದರೆ ಚಳಿಗಾಲವಿಡೀ ಕಾರು ಮಲಗಿರುತ್ತದೆ, ಅಷ್ಟರಲ್ಲಿ ಹೇಗಾದರೂ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದಳು. ಈ ಲೆಕ್ಕವನ್ನು ಅವಳು ಪ್ರತಿ ಶನಿವಾರವೂ ಹಾಕಿದ್ದಳು.

ಟೆಲಿಗ್ರಾಫ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಪಿಕಪ್ ಗಾಡಿಯವನು ಕಿಟಕಿ ಇಳಿಸಿದ. ಬಣ್ಣ ಮೆತ್ತಿದ ಬಟ್ಟೆಯ ಯಾರೋ ಪೇಂಟರು. ಕೈ ಬೀಸಿ ಬೀಸಿ, ಬಾನೆಟ್ ತೋರಿಸಿ ತೋರಿಸಿ ಕೂಗಿದ. ವರ್ಲಿನ್ ಮುಖ ಅರಳಿತು. ಅವನತ್ತ ಹೆಬ್ಬೆರಳೆತ್ತಿ ತೋರಿಸಿ, ನೋಡು ಎನ್ನುವಂತೆ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಅರಚಿತು. ಪಿಕಪ್‌ನವನು ತಲೆಯ ಮೇಲೆ ಕೈಯಿಟ್ಟುಕೊಂಡ.

ಒಪಲ್‌ಗೆ ಇನ್ನು ತಡೆಯಲಾಗಲಿಲ್ಲ. "ವರ್ಲಿನ್, ನಿಲ್ಸು. ಎಂಜಿನ್ ಬಡೀತಿದೆ. ತುಂಬಾ ದಿನದಿಂದ ಬಡೀತಿದೆ."

"ಹೌದು ಕಣೇ" ಅಂದ ಅವನು, ಹಸಿರು ದೀಪ ಬಿದ್ದು ಕಾರು ಮುನ್ನುಗ್ಗುತ್ತಿದ್ದಂತೆ. "ಒಳ್ಳೇ ಬಿಸಿಲು ಬಿದ್ದಿದೆ ಇವತ್ತು."

ಆಮೇಲಿನದು ಅವನಿಗೂ ಕೇಳಿಸಿತು. ಕಾಲಡಿಯಲ್ಲಿ ಏನೋ ಸಿಡಿದು, ಕಬ್ಬಿಣ ಕಬ್ಬಿಣವನ್ನು ಸೀಳಿದ ಸದ್ದು. ಬಿಳಿ ಹೊಗೆ ಗಾಜಿಗೆ ಅಡರಿತು. ಕಾರು ತನ್ನ ಭಾರಕ್ಕೆ ಉರುಳಿ ರಸ್ತೆಯಂಚಿನಲ್ಲಿ ನಿಂತಿತು. ವರ್ಲಿನ್ ಇಳಿದು, ಮೊಣಕಾಲೂರಿ, ತಲೆ ತಗ್ಗಿಸಿ ಕೆಳಗೆ ನೋಡಿದ. ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಎರಕವನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಮುಷ್ಟಿ ತೂರುವಷ್ಟು ತೂತು. ಸುರಿದ ಆಯಿಲ್ಲಿಗೆ ಬೆರಳದ್ದಿ ಬೆಳಕಿಗೆ ಹಿಡಿದ. ಅದರ ತುಂಬ ಲೋಹದ ಹೊಳಪು. ಅಷ್ಟು ಹೊಳಪು ಒಂದು ದಿನದಲ್ಲಿ ಬರುವುದಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿರಲಿಲ್ಲ.

ಅವನು ರಸ್ತೆಯಂಚಿನ ಹುಲ್ಲಿನ ಮೇಲೆ ಕೂತ. ಒಪಲ್ ಡ್ವೇನ್‌ಗೆ ಫೋನ್ ಮಾಡಿದಳು. ಡ್ವೇನ್ ಕಾರು ಹೊರುವ ಟ್ರೇಲರ್ ಕಟ್ಟಿಕೊಂಡು ಬಂದ, ತೂತು ನೋಡಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಅವನ ಮುಖದಲ್ಲಿ ದುಃಖವಿತ್ತು, ಆಶ್ಚರ್ಯ ಇರಲಿಲ್ಲ. ವರ್ಲಿನ್ ಆ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯತ್ತ ತಿರುಗಿದ.

"ನಿನಗೆ ಕೇಳಿಸ್ತಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾವಾಗ್ನಿಂದ?"

"ಏಪ್ರಿಲ್‌ನಿಂದ." ಅವನು ಕಿವಿ ಮುಂದೆ ಮಾಡಿದ. ಅವಳು ಬಾಗಿ, ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಕಾಯಿತು.

"ಇವನಿಗೆ?"

"ಎಲ್ಲರಿಗೂ."

ಅವನು ಡ್ವೇನ್‌ನತ್ತ ಬೆರಳು ತೋರಿಸಿದ. "ಈ ಜೂನ್‌ನಲ್ಲೂ ಇವನ ಡಾರ್ಟ್ ಸರಿ ಇದೆ ಅಂದೆನಲ್ಲ."

ಡ್ವೇನ್ ಟ್ರೇಲರಿನ ಸರಪಳಿ ಬಿಡಿಸತೊಡಗಿದ. ಅವನು ಹೇಳುವುದಿಲ್ಲವೆಂದು ಗೊತ್ತಾಗಿ ಒಪಲ್ಲೇ ಹೇಳಿದಳು. "ಸರಿ ಮಾಡಿಸ್ಕೊಂಡೇ ತಂದಿದ್ದ. ಎಲ್ರೂ ಹಾಗೇ ತರ್ತಿದ್ರು. ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ."

ಅವನು ಬಯ್ಯಬಹುದು ಎಂದುಕೊಂಡಿದ್ದಳು. ಬಯ್ದಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಅವನು ಬೆರಳಿನ ಆಯಿಲ್ಲನ್ನು ಹುಲ್ಲಿಗೆ ಒರೆಸುತ್ತ, ಯಾರದೋ ಕಾರಿನ ವಿಷಯ ಹೇಳುವಂತೆ ಹೇಳಿದ: "ಏಪ್ರಿಲ್‌ನಲ್ಲಿ ಹೇಳಿದ್ರೆ ಒಂದು ಕ್ಯಾಮು, ಒಂದು ಸೆಟ್ ಟ್ಯಾಪೆಟ್ಟು. ನಾನೇ ಹಾಕ್ತಿದ್ದೆ. ಎಂಜಿನ್ ಉಳೀತಿತ್ತು."

ಒಪಲ್ ಅಳತೊಡಗಿದಳು. ಡ್ವೇನ್ ಸರಪಳಿ ಹಾಕಲು ಬಾಗಿದ. ಹಸಿರು ಶೆವೆಲ್ ಟ್ರೇಲರಿನ ಮೇಲೆ ನಿಧಾನವಾಗಿ ಹತ್ತುತ್ತಿರುವಾಗ ವರ್ಲಿನ್ ಸಿಗ್ನಲ್ಲಿನ ಕಡೆ ತಿರುಗಿ ನೋಡಿದ.

"ಆ ಪಿಕಪ್‌ನವನು ಇದನ್ನೇ ಹೇಳ್ತಿದ್ನಾ?"

"ಹೂಂ. ಇದನ್ನೇ."

"ನನ್ನ ಗುರುತೂ ಇಲ್ಲ ಅವನಿಗೆ" ಅಂದ ವರ್ಲಿನ್. "ಅವನೊಬ್ಬ ಹೇಳ್ದ ನೋಡು."