ಕಡಲ ತಳ ನೋಡಹೊರಟ ಬಾವಿ ಕದರಯ್ಯ

ಗುಬ್ಬಿಯ ಸಂತೆಬೀದಿ ಹಿಂದಿನ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾವಿಕಟ್ಟೆಯ ಮೇಲೆ ಕದರಯ್ಯ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾರೆ. ಮನೆಯೊಡತಿ ಗಂಗಲಕ್ಷ್ಮಮ್ಮನ ಹಿತ್ತಾಳೆ ಕೊಡ ನಿನ್ನೆ ಸಂಜೆ ಕುಣಿಕೆ ಕಳಚಿ ತಳ ಸೇರಿದೆ. ಪಾತಾಳಗರಡಿ ಇಳಿಬಿಟ್ಟು ಜಾಲಾಡಿದರೂ ಅದರ ಕೊಕ್ಕೆಗಳಿಗೆ ಸಿಕ್ಕಿದ್ದು ಬರೀ ಕೆಸರು.

ಹಗ್ಗದ ತುದಿಯನ್ನು ಕಲ್ಲುಕಂಬಕ್ಕೆ ಸುತ್ತಿ, ಅದನ್ನು ಗಂಗಲಕ್ಷ್ಮಮ್ಮನ ಕೈಗೇ ಕೊಡುತ್ತಾರೆ. ಕೊಡ ಬೀಳಿಸಿದವರೇ ಹಗ್ಗ ಹಿಡಿಯಬೇಕು. ಅದು ಅವರ ಅಪ್ಪ ಮಾಡಿಟ್ಟ ಕಟ್ಟಳೆ.

“ಕೊಡ ಬುಟ್ಟಂಗೆ ನನ್ನೂ ಬುಟ್ಟೀಯ ತಾಯಿ.”

“ಕೊಡ ಹೊಸದು ಕಣಪ್ಪ, ಹೋದ್ರೆ ಹೊಟ್ಟೆ ಉರೀತದೆ. ನೀನಾದ್ರೆ ಹಳಬ.”

ಕದರಯ್ಯ ನಕ್ಕು ಬಾವಿಗಿಳಿದು, ಎದೆ ತುಂಬ ಉಸಿರೆಳೆದು, ಬಾಯಿ ಬಿಗಿದು ಮುಳುಗುತ್ತಾರೆ. ನೀರು ಅಲ್ಲಾಡಿ ಸುಮ್ಮನಾಗುತ್ತದೆ. ಗಂಗಲಕ್ಷ್ಮಮ್ಮನ ಮುಖದ ನಗು ಮೆಲ್ಲಗೆ ಮಾಯವಾಗುತ್ತದೆ. ಕೊನೆಗೂ ಹಗ್ಗ ಜಗ್ಗುತ್ತದೆ. ಮೊದಲು ಕೊಡದ ಕಂಠ, ಹಿಂದೆಯೇ ಕದರಯ್ಯನ ನರೆತ ತಲೆ.

ಕುಣಿಗಲ್ಲಿನ ಕದರಯ್ಯನಿಗೆ ಐವತ್ತು ದಾಟಿದೆ. ಮೀಸೆ ಮೂಡುವ ಮೊದಲೇ ನೀರಿಗಿಳಿದವರು. ಅಮೃತೂರಿನಿಂದ ಗುಬ್ಬಿಯವರೆಗೆ ಎಲ್ಲಿ ಏನು ಬಾವಿಗೆ ಬಿದ್ದರೂ ಬಸ್ ಕಂಡಕ್ಟರುಗಳು ಸುದ್ದಿ ಮುಟ್ಟಿಸುತ್ತಾರೆ. ಕೆರೆಯ ತೂಬಿಗೆ ಕಸ ಕಟ್ಟಿದರೂ ಇವರಿಗೇ ಕರೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಬಾವಿ ಇಳಿಯುತ್ತಿದ್ದವರಿಗೆ ಬೋರ್‌ವೆಲ್ ಬಂದ ಮೇಲೆ ಕೆಲಸ ಕಡಿಮೆ. ಚಳಿಗಾಲ ಬಂತೆಂದರೆ ಕಿವಿನೋವು. ಇಷ್ಟು ಸಲ ಇಳಿದರೂ ನೀರಿನ ತಳ ಹೇಗಿರುತ್ತದೆಂದು ಅವರು ಕಂಡಿಲ್ಲ.

“ಕಣ್ ಬುಟ್ರೂ ಕತ್ಲು, ಮುಚ್ಚುದ್ರೂ ಕತ್ಲು. ತಡಕಾಡಿ ತರೋದು, ಅಷ್ಟೆಯ. ಒಂದ್ ಸಲ ನೋಡ್ಬೇಕು ಅಂತ ಆಸೆ.”

ತಳ ಕಾಣುವ ನೀರೂ ಇದೆ ಎಂದು ಹೇಳಿದವರು ಮರಳೂರಿನ ಲಕ್ಷ್ಮೀನರಸಿಂಹಯ್ಯ. ಕೊಚ್ಚಿಯ ಹಡಗುಕಟ್ಟೆಯಲ್ಲಿ ಮುಳುಗುವ ಕೆಲಸ ಮಾಡಿ, ಎಂಬತ್ತೈದನೇ ಇಸವಿಯಲ್ಲಿ ನಿವೃತ್ತರಾಗಿ ಊರಿಗೆ ಬಂದವರು. ಸಂಕ್ರಾಂತಿ ಕಳೆದ ಮೇಲೆ ಹಳೆಯ ಗೆಳೆಯರನ್ನು ನೋಡಲು ಲಕ್ಷದ್ವೀಪಕ್ಕೆ ಹೊರಟಿದ್ದಾರೆ, ಕದರಯ್ಯನನ್ನೂ ಕರೆದಿದ್ದಾರೆ. ಪರ್ಮಿಟ್ಟಿಗೆ ಫೋಟೊ ತೆಗೆಸಿದ್ದಾಗಿದೆ. ಕೊಚ್ಚಿಯಿಂದಾಚೆ ಹಡಗಂತೆ. ಅಲ್ಲಿ ಮೀನು ಬಿಟ್ಟರೆ ಏನೂ ಸಿಗದೆಂದು ಯಾರೋ ಹೇಳಿದ್ದಕ್ಕೆ ಹೆಂಡತಿ ಹೊಂಬಾಳಮ್ಮ ಈಗಲೇ ರಾಗಿಹಿಟ್ಟಿನ ಗಂಟು ಕಟ್ಟಿಟ್ಟಿದ್ದಾರೆ.

“ಮುಳುಗೋಕೆ ಇಲ್ಲಿ ನೀರಿಲ್ವಾ ನಿಂಗೆ?” ಎಂದು ದಿನಕ್ಕೊಮ್ಮೆ ಕೇಳುವುದನ್ನೂ ಬಿಟ್ಟಿಲ್ಲ.

ಒಂದು ಷರತ್ತಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿ, ನೀರೊಳಗೆ ಉಸಿರಾಡುವುದನ್ನು ಕದರಯ್ಯ ಮೊದಲು ಕಲಿಯಬೇಕು. ಕುಣಿಗಲ್ ಕೆರೆಯ ಸೋಪಾನದ ಬಳಿ, ಎದೆಮಟ್ಟದ ನೀರಲ್ಲಿ ಪಾಠ ಶುರುವಾಯಿತು. ತಲೆ ಮುಳುಗಿದ ಕೂಡಲೇ ಕದರಯ್ಯನ ಉಸಿರು ನಿಂತೇಹೋಗುತ್ತದೆ. ನೀರಲ್ಲಿ ಉಸಿರು ಬಿಟ್ಟವನು ಸತ್ತ ಎಂದು ಅಪ್ಪ ಬೆತ್ತ ಹಿಡಿದು ಕಲಿಸಿದ ಮೈ ಅದು. ಬೆನ್ನ ತುಂಬ ಗಾಳಿ ಹೊತ್ತು, ಅದನ್ನು ಮುಟ್ಟದೆ ಮೇಲೆದ್ದು ಬರುತ್ತಾರೆ. ಬಟ್ಟೆ ಒಗೆಯುವವರಿಗೆಲ್ಲ ನಗು.

ಲಕ್ಷ್ಮೀನರಸಿಂಹಯ್ಯನವರಿಗೆ ನಗು ಬರಲಿಲ್ಲ. “ಸಮುದ್ರದಡಿ ಈ ಗಾಳಿ ಎಳ್ಕೊಂಡು, ಹಿಂಗೆ ಉಸಿರು ಹಿಡಿದು ಎದ್ರೆ ಶ್ವಾಸಕೋಶ ಹರಿದುಹೋಗುತ್ತೆ ಕಣಯ್ಯ. ಇದು ಬರದಿದ್ರೆ ನಾನು ಕರ್ಕೊಂಡ್ ಹೋಗಲ್ಲ.”

ಆ ದಿನ ಕದರಯ್ಯ ಊಟ ಸರಿಯಾಗಿ ಮಾಡಲಿಲ್ಲ. ಹೊಂಬಾಳಮ್ಮ ಊದುಗೊಳವೆಯನ್ನು ಗಂಡನ ಕೈಗಿಟ್ಟರು. “ಊದು. ಸೌದೆ ಹಸಿ ಐತೆ. ನಿಲ್ಲಿಸಿದ್ರೆ ಮುದ್ದೆ ಇಲ್ಲ.” ಅಂದಿನಿಂದ ಎರಡು ಹೊತ್ತೂ ಒಲೆ ಕದರಯ್ಯನದೇ. ಹೊಗೆಗೆ ಕಣ್ಣು ಕೆಂಪಾದವು, ಅಕ್ಕಪಕ್ಕದವರು ಅಡುಗೆಭಟ್ಟ ಎಂದು ಕರೆದರು. ಎಳೆಯುವುದು, ಊದುವುದು, ಮತ್ತೆ ಎಳೆಯುವುದು ಎದೆಗೆ ರೂಢಿಯಾಯಿತು.

ಕಳೆದ ಭಾನುವಾರ ಮತ್ತೆ ಕೆರೆಗಿಳಿದರು. ದಡದಲ್ಲಿ ಹೊಂಬಾಳಮ್ಮ ಒಗೆಯುವ ಬಟ್ಟೆ ಹಾಗೇ ಬಿಟ್ಟು ನಿಂತಿದ್ದರು. “ಒಲೆ ಆರೋಯ್ತದೆ, ಊದು,” ಎಂದರು, ನೀರಿಗೆ ಕೇಳುವಂತೆ. ಒಂದು ಗುಳ್ಳೆ ಬಂತು. ಆಮೇಲೆ ಅನ್ನ ಕುದಿದಂತೆ ಗುಳ್ಳೆಯ ಮೇಲೆ ಗುಳ್ಳೆ. ಲಕ್ಷ್ಮೀನರಸಿಂಹಯ್ಯ ಕದರಯ್ಯನನ್ನು ಸಾಕೆನಿಸುವಷ್ಟು ಹೊತ್ತು ಒಳಗೇ ಕೂರಿಸಿ, ಕೈಹಿಡಿದು ಎಬ್ಬಿಸಿ, “ಗಂಟು ಕಟ್ಟು,” ಎಂದಷ್ಟೇ ಹೇಳಿದರು.

ಮನೆಗೆ ನಡೆಯುವಾಗ ಹೊಂಬಾಳಮ್ಮ ಕೇಳುತ್ತಾರೆ, “ಅಷ್ಟು ದೂರ ಹೋಗಿ ನಂಗೇನ್ ತತ್ತೀಯ?”

“ಏನೂ ತರಲ್ಲ ಕಣೆ. ಹುಟ್ಟಿದಾಗ್ಲಿಂದ ಯಾರ್ದೋ ಒಂದು ತರೋಕೇ ಮುಳುಗಿದೀನಿ. ಅಲ್ಲಿ ಸುಮ್ನೆ ನೋಡ್ಕೊಂಡ್ ಬತ್ತೀನಿ. ಬಂದು ನಿಂಗೆ ಹೇಳ್ತೀನಿ.”