ಫೇಲಾದವರ ಹೆಡ್ ಮೇಷ್ಟ್ರು

ನಮ್ಮ ಹೆಡ್ ಮೇಷ್ಟ್ರ ಬಲಗೈಯಲ್ಲಿ ತೋರುಬೆರಳು ಬುಡದವರೆಗೂ ಹೋಗಿತ್ತು, ಮಧ್ಯದ ಬೆರಳು ಅರ್ಧಕ್ಕೆ ನಿಂತಿತ್ತು. ಹಾಗಾಗಿ ಬರೆಯುವುದೆಲ್ಲ ಎಡಗೈಯಲ್ಲಿ. ಆ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಒಂದೇ ಸಲಕ್ಕೆ ವೃತ್ತ ಎಳೆದರೆ, ಕೈವಾರ ಇಟ್ಟು ನಾವು ಎಳೆದಿದ್ದಕ್ಕಿಂತ ದುಂಡಗೆ ಬರುತ್ತಿತ್ತು. ಅವರು ವರ್ಗವಾಗಿ ಬಂದ ಹೊಸದರಲ್ಲಿ ನಮ್ಮೂರಿನ ಹಿರಿಯರೊಬ್ಬರು, ಎಡಗೈಯಲ್ಲಿ ವಿದ್ಯೆ ಕೊಡುವುದುಂಟೇ, ಮಕ್ಕಳ ತಲೆಗೆ ಹತ್ತುತ್ತದೆಯೇ ಎಂದು ಶಾಲಾ ಕಮಿಟಿಯ ಹತ್ತಿರ ತಕರಾರು ತೆಗೆದರಂತೆ. ಮೇಷ್ಟ್ರು ಸಿಟ್ಟಾಗಲಿಲ್ಲ. ಬಲಗೈಯನ್ನು ಆ ಯಜಮಾನರ ಮುಖದ ಮುಂದೆ ಹಿಡಿದು, ಹೋದ ಬೆರಳನ್ನು ಹುಡುಕಿಕೊಡಿ, ನಾಳೆಯಿಂದಲೇ ಇದರಲ್ಲಿ ಬರೆಯುತ್ತೇನೆ ಎಂದರಂತೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಬೆರಳು ಹೋದ ಕತೆಯನ್ನು ಅವರೇನೂ ಮುಚ್ಚಿಡುತ್ತಿರಲಿಲ್ಲ. ಅವರ ಊರು ಬೆಳಗೊಳದ ಕಡೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿದ್ದಾಗ ಆಲೆಮನೆಯ ಗಾಣಕ್ಕೆ ಕಬ್ಬು ಕೊಡಲು ಹೋಗಿ ಬೆರಳನ್ನೂ ಕೊಟ್ಟು ಬಂದಿದ್ದರು. ಇನ್ನೂ ಪಳಗದ ಎಡಗೈಯಲ್ಲಿ ಪರೀಕ್ಷೆ ಬರೆದು ಫೇಲಾದರು. ಆಮೇಲೆ ಎರಡು ವರ್ಷ ಅದೇ ಆಲೆಮನೆಯಲ್ಲಿ ಬೆಲ್ಲದ ಅಚ್ಚು ತೊಳೆದುಕೊಂಡಿದ್ದರಂತೆ. ಅಷ್ಟು ದಿನದಲ್ಲಿ ಒಬ್ಬ ಮೇಷ್ಟ್ರೂ ಬಂದು, ಏನಯ್ಯಾ ಎಲ್ಲಿದ್ದೀಯ, ಮತ್ತೆ ಪರೀಕ್ಷೆ ಕಟ್ಟುವುದಿಲ್ಲವೇ ಎಂದು ಕೇಳಲಿಲ್ಲ. ಕೊನೆಗೆ ತಾವೇ ಓದಿಕೊಂಡು ಪಾಸಾದರು, ಮುಂದೆ ಮೇಷ್ಟ್ರೂ ಆದರು. ಆದರೆ ಆ ಎರಡು ವರ್ಷದ ಮಾತು ಬಂದರೆ ಅವರ ದನಿಯಲ್ಲಿ ಮರುಕ ಇರುತ್ತಿರಲಿಲ್ಲ, ಸಿಟ್ಟಿರುತ್ತಿತ್ತು. ಬೆರಳು ಹೋಗಿದ್ದಕ್ಕಿಂತ ಯಾರೂ ಕೇಳಲು ಬರಲಿಲ್ಲ ಎನ್ನುವುದೇ ಅವರಿಗೆ ದೊಡ್ಡದಾಗಿತ್ತು.

ಅದಕ್ಕೇ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಬೇರೆ ಯಾವ ಹೈಸ್ಕೂಲಿನಲ್ಲೂ ನಾನು ಅದನ್ನು ಕಾಣಲಿಲ್ಲ. ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮಾರನೆಯ ದಿನ ಹೆಡ್ ಮೇಷ್ಟ್ರು ಮೊಪೆಡ್ಡು ಹತ್ತಿ ಫೇಲಾದವರ ಮನೆಮನೆಗೆ ಹೋಗುತ್ತಿದ್ದರು. ಪಾಸಾದವರ ಅಪ್ಪಂದಿರು ದಾರಿಯಲ್ಲಿ ತಡೆದು, ಸ್ವೀಟು ತಿಂದು ಹೋಗಿ ಎಂದರೂ ನಿಲ್ಲುತ್ತಿರಲಿಲ್ಲ. "ಪಾಸಾದೋರ್ಗೆ ನಾನ್ಯಾಕಪ್ಪ? ಅವ್ರ್ಗೆ ಊರೇ ಅದೆ" ಎಂದು ಹೇಳಿ ಗಾಡಿ ಬಿಡುತ್ತಿದ್ದರು. ಹೀಗಾಗಿ ಅವರ ಮೊಪೆಡ್ಡು ಯಾರ ಮನೆ ಮುಂದೆ ನಿಂತಿತೋ ಆ ಮನೆಯ ಮಗು ಡುಮ್ಕಿ ಹೊಡೆದಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಎಷ್ಟೋ ಜನ ಮೊಪೆಡ್ಡಿನ ಸದ್ದು ಕೇಳಿದರೆ ಮನೆಗೆ ಬೀಗ ಹಾಕಿಕೊಂಡು ಹೊಲಕ್ಕೆ ಹೊರಟುಬಿಡುತ್ತಿದ್ದರು. ಮೇಷ್ಟ್ರು ಹೊಲಕ್ಕೇ ಹೋಗುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ ಆ ಮೊಪೆಡ್ಡು ನಮ್ಮ ಮನೆ ಮುಂದೆಯೂ ನಿಂತಿತು. ನಾನು ಗಣಿತದಲ್ಲಿ ಹೋಗಿದ್ದೆ. ಉಳಿದ ಐದರಲ್ಲೂ ಚೆನ್ನಾಗಿ ಬಂದಿತ್ತು, ಆದರೆ ಐದನ್ನು ಯಾರು ಕೇಳುತ್ತಾರೆ? ನನಗೆ ಟೀಚರಾಗಬೇಕು ಎನ್ನುವ ಹುಚ್ಚು. ಅದಕ್ಕೆ ಬಾಗಿಲು ಈ ಒಂದು ಪಾಸು. ಅಪ್ಪನಿಗೆ ಮಾತ್ರ ಬೇಜಾರೇ ಆಗಿರಲಿಲ್ಲ. ನಮ್ಮ ಕಡೆ ಆಗ ಹೆಣ್ಣು ನೋಡುವ ಮಾತುಕತೆಯಲ್ಲಿ 'ಎಸ್ಸೆಸ್ಸೆಲ್ಸಿ ಫೇಲು' ಎನ್ನುವುದನ್ನು ಒಂದು ಡಿಗ್ರಿಯ ಹಾಗೆ ಹೇಳುತ್ತಿದ್ದರು. ಏಳನೇ ಕ್ಲಾಸಿಗಿಂತ ಮೇಲು, ಪಾಸಿಗಿಂತ ಅನುಕೂಲ. ಪಾಸಾದವಳಿಗೆ ನೌಕರಿಯ ಗಂಡು ಹುಡುಕಬೇಕು, ಫೇಲಾದವಳಿಗೆ ಎರಡೆಕರೆ ಗದ್ದೆ ಇದ್ದರೆ ನಡೆಯುತ್ತದೆ. ಅಪ್ಪ ಆಗಲೇ ಇಬ್ಬರು ನೆಂಟರ ಮುಂದೆ, ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಫೇಲು ಎಂದು ಮೀಸೆ ನೀವಿಕೊಂಡು ಹೇಳಿಯಾಗಿತ್ತು.

ಮೇಷ್ಟ್ರು ಜಗಲಿಯ ಮೇಲೆ ಕೂತು ಮಜ್ಜಿಗೆ ಕೇಳಿ ಕುಡಿದರು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇದೆ, ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಇವಳನ್ನು ಕಳಿಸು ಎಂದರು. ಅಪ್ಪ ಕೈ ಮುಗಿದು, ನಮಗೆ ಫೇಲೇ ಸಾಕು ಬಿಡಿ ಸಾ, ದನ ಕರು ನೋಡಿಕೊಳ್ಳುವವರು ಯಾರು ಎಂದ. ಮೇಷ್ಟ್ರು ಕೊಟ್ಟಿಗೆಯ ಕಡೆ ನೋಡಿದರು.

"ಡೈರೀಲಿ ನಿನ್ನ ಹಾಲ್ಗೆ ಫ್ಯಾಟು ಕಮ್ಮಿ ಬಂದ್ರೆ ಎಮ್ಮೆ ಮಾರ್ಬುಡ್ತೀಯೇನ್ಲಾ? ಇಂಡಿ ಬೂಸ ಸರಿಯಾಗ್ ಇಕ್ಕುದ್ನಾ ಅಂತ ನೋಡ್ತೀಯ ತಾನೆ? ಇವ್ಳಿಗೆ ಲೆಕ್ಕದ ಇಂಡಿ ಇಕ್ಕುದೋನು ನಾನು ಕಣ್ಲಾ. ತಪ್ಪು ನಂದು. ಸರಿ ಮಾಡೋಕೆ ನಾಕ್ ತಿಂಗ್ಳು ಕೊಡು."

ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಫೇಲಾಗಿದ್ದೂ ಅಲ್ಲದೆ ಈಗ ಎಮ್ಮೆಯೂ ಆದೆನಲ್ಲ! ಆದರೆ ಅಪ್ಪ ಮಾತ್ರ ಯೋಚನೆಗೆ ಬಿದ್ದ. ಶಾಲೆಯ ಮೇಷ್ಟ್ರೊಬ್ಬರು ತಪ್ಪು ನನ್ನದು ಎಂದಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅಕ್ಟೋಬರಿನ ತನಕ ನೋಡೋಣ, ಆಮೇಲೆ ನೆಂಟರಿಗೆ ಮಾತು ಕೊಡುತ್ತೇನೆ ಎಂದು ಒಪ್ಪಿಕೊಂಡ. ನನ್ನ ಪಾಲಿಗೆ ಅಲ್ಲಿಗೆ ಗಡುವು ಬಿತ್ತು.

ಮರುದಿನ ಹೋದರೆ ನಾವು ಏಳು ಜನ. ಅದರಲ್ಲಿ ಒಬ್ಬಳು ಪಕ್ಕದೂರಿನ ಅಕ್ಕ, ನಾಲ್ಕು ವರ್ಷದ ಹಿಂದೆ ಗಣಿತ, ಇಂಗ್ಲಿಷ್ ಎರಡರಲ್ಲೂ ಹೋಗಿ ಮದುವೆಯಾದವಳು. ಕಂಕುಳಲ್ಲಿ ಕೂಸು. ರಿಜಿಸ್ಟರಿನಲ್ಲಿ ಹೆಸರಿಲ್ಲದ ನಮ್ಮನ್ನು ತರಗತಿಯಲ್ಲಿ ಕೂರಿಸಲು ಕಮಿಟಿಯವರು ಒಪ್ಪಲಿಲ್ಲ, ಫೇಲಾದವರ ಗಾಳಿ ಬೀಸಿ ಇರುವವರೂ ಕೆಡುತ್ತಾರೆ ಎಂದರಂತೆ. ಸರಿ, ಮೇಷ್ಟ್ರು ತಮ್ಮ ರೂಮಿನ ಮೇಜನ್ನು ಗೋಡೆಗೆ ತಳ್ಳಿ ಅಲ್ಲೇ ಚಾಪೆ ಹಾಸಿದರು. ಗ್ಲೋಬು, ಭೂಪಟ, ಬೀಗ ಹಾಕಿದ್ದ ಪುಸ್ತಕದ ಬೀರು ಎಲ್ಲ ಇದ್ದದ್ದು ಆ ರೂಮಿನಲ್ಲೇ. ಮೊದಲ ದಿನವೇ ಬೀರುವಿನ ಬೀಗ ತೆಗೆದು ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು. ಮೂರು ವರ್ಷ ಓದಿದ್ದರೂ ಆ ಬೀರು ತೆರೆದಿದ್ದನ್ನು ನಾನು ನೋಡಿರಲಿಲ್ಲ. ಫೇಲಾದ ಮೇಲೆ ನೋಡಿದೆ.

ಅವರು ಕಲಿಸುವ ರೀತಿಯೂ ಬೇರೆ. ನಮ್ಮ ಹಳೆಯ ತಪ್ಪನ್ನು ನಮ್ಮಿಂದಲೇ ಬೋರ್ಡಿನ ಮೇಲೆ ಬರೆಸಿ, ಇಲ್ಲಿ ಯಾಕೆ ಹೀಗೆ ಅನ್ನಿಸಿತು ಹೇಳು ಎಂದು ಕೂರುತ್ತಿದ್ದರು. ಹೇಳುತ್ತಾ ಹೇಳುತ್ತಾ ನಮಗೇ ನಗು ಬರುತ್ತಿತ್ತು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ತಪ್ಪು ಮುಚ್ಚಿಟ್ಟರೆ ಮಾತ್ರ ಜನ್ಮ ಜಾಲಾಡಿಬಿಡುತ್ತಿದ್ದರು. ಬೀಜಗಣಿತ ಎಂದರೆ ಬೆವರುತ್ತಿದ್ದ ನಾನು ಎರಡು ತಿಂಗಳಲ್ಲಿ ಅಕ್ಕನಿಗೆ ಹೇಳಿಕೊಡುವಷ್ಟಾದೆ.

ಆಗಸ್ಟಿನಲ್ಲಿ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಅವರು ರೂಮಿಗೆ ಕಾಲಿಡುವುದಕ್ಕೂ ಕೂಸು ಚೀರುವುದಕ್ಕೂ ಸರಿಹೋಯಿತು. ಇವರೆಲ್ಲ ಯಾರು, ಯಾವ ಕ್ಲಾಸು, ಹೆಸರೆಲ್ಲಿ ಎಂದು ಸಾಹೇಬರು ರಿಜಿಸ್ಟರು ಮಗುಚಿದರು. ಶಾಲೆಯವರಲ್ಲದವರನ್ನು ಕೂಡಲೇ ಹೊರಗೆ ಕಳಿಸಿ ಎಂದರು. ನಾವು ಆಗಲೇ ಪುಸ್ತಕ ಎತ್ತಿಕೊಂಡು ಎದ್ದಿದ್ದೆವು. ಇಲ್ಲಿಂದ ಹೊರಬಿದ್ದರೆ ನಾನು ಮತ್ತೆ ಅಪ್ಪನ 'ಎಸ್ಸೆಸ್ಸೆಲ್ಸಿ ಫೇಲು'. ಮೇಷ್ಟ್ರು ನಮಗೆ ಕೂರಲು ಸನ್ನೆ ಮಾಡಿ, ದನಿ ಏರಿಸದೆ ಹೇಳಿದರು:

"ಸಾರ್, ಇವ್ರು ಕಲೀಲಿಲ್ಲ, ನಾವು ಕಲಿಸ್ಲಿಲ್ಲ. ಇಬ್ರಲ್ಲಿ ಹೊರಗೆ ಹೋಗ್ಬೇಕಾದೋರು ಯಾರು ಅಂತ ತಾವೇ ಹೇಳಿ. ನಾನಂದ್ರೆ ನಾನೇ ಹೋಗ್ತೀನಿ."

ಸಾಹೇಬರು ಕೂಸಿನ ಕೆನ್ನೆ ಮುಟ್ಟಿ, ಮುಂದಿನ ರೂಮು ತೋರಿಸಿ ಎಂದು ನಡೆದರು. ಆಮೇಲೆ ಮೇಷ್ಟ್ರಿಗೆ ನೋಟಿಸೊಂದು ಬಂತು ಎಂದು ಕೇಳಿದೆವು. ಅವರು ಅದನ್ನೇನು ಮಾಡಿದರೋ ನಮಗೆ ತಿಳಿಯಲಿಲ್ಲ, ಚಾಪೆಯಂತೂ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಕೃಷ್ಣರಾಜಪೇಟೆಯಲ್ಲಿ ಪರೀಕ್ಷೆ. ಮೇಷ್ಟ್ರು ರಜೆ ಹಾಕಿ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಗೇಟಿನ ಹತ್ತಿರ ಅಕ್ಕನಿಗೆ ಗೊತ್ತಾಯಿತು, ಕೂಸು ಹಿಡಿಯಲು ಬರುತ್ತೇನೆಂದಿದ್ದ ಅವಳ ಅತ್ತೆ ಬಂದಿಲ್ಲ. ಅವಳು ಅಳಲು ಶುರುಮಾಡಿದಳು. ಮೇಷ್ಟ್ರು ಏನೂ ಕೇಳದೆ ಕೂಸನ್ನು ತಾವೇ ಎತ್ತಿಕೊಂಡು, ನೀನು ಒಳಗೆ ಹೋಗು ಎಂದರು. ಹತ್ತು ಹಳ್ಳಿಯ ಮಕ್ಕಳು ಹೆದರುತ್ತಿದ್ದ ಹೆಡ್ ಮೇಷ್ಟ್ರು ಹೊಂಗೆ ಮರದ ಕೆಳಗೆ, ಹೆಗಲ ಮೇಲೆ ಟವೆಲು ಹಾಕಿ, ಕೂಸಿಗೆ ಬಾಟಲಿ ಹಾಲು ಕುಡಿಸುತ್ತಾ ಕೂತಿದ್ದನ್ನು ಪೇಟೆಯೆಲ್ಲ ನೋಡಿತು. ನಾನು ಕಿಟಕಿಯಿಂದ ನೋಡಿದೆ. ಆಮೇಲೆ ತಲೆ ತಗ್ಗಿಸಿ ಬರೆದವಳು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ.

ನಾನು ಪಾಸಾದೆ, ನೂರಕ್ಕೆ ಎಪ್ಪತ್ತೊಂದು. ಅಕ್ಕ ಮತ್ತೆ ಗಣಿತದಲ್ಲಿ ಹೋದಳು. ಏಪ್ರಿಲ್‌ನಲ್ಲೂ ಹೋದಳು. ಎರಡು ಸಲವೂ ರಿಸಲ್ಟಿನ ಮಾರನೆಯ ದಿನ ಮೊಪೆಡ್ಡು ಅವಳ ಮನೆ ಮುಂದೆ ನಿಂತಿತು. ಮೂರನೆಯ ಪರೀಕ್ಷೆಗೆ ಆ ಕೂಸು ಮೇಷ್ಟ್ರ ಉಳಿದ ಬೆರಳು ಹಿಡಿದುಕೊಂಡು ಹೊಂಗೆ ಮರದವರೆಗೂ ನಡೆದೇ ಹೋಯಿತಂತೆ. ಆ ಸಲ ಅವಳೂ ಪಾಸಾದಳು, ಮುಂದೆ ತನ್ನೂರಿನಲ್ಲೇ ಅಂಗನವಾಡಿ ಟೀಚರಾದಳು. ನಾನು ಪಿಯುಸಿ ಮುಗಿಸಿ, ಪಾಂಡವಪುರದಲ್ಲಿ ನೆಂಟರ ಮನೆಯಲ್ಲಿದ್ದು ಟೀಚರ್ ಟ್ರೈನಿಂಗ್ ಟಿಸಿಎಚ್ ಮಾಡಿ, ನಾಗಮಂಗಲ ತಾಲ್ಲೂಕಿನ ಶಾಲೆಯೊಂದಕ್ಕೆ ಟೀಚರಾಗಿ ಹೋದೆ. ಮದುವೆಯೂ ಆಯಿತು. ಗಂಡನ ಮನೆಯಲ್ಲಿ ನಾನು ಲೆಕ್ಕದಲ್ಲಿ ಬಲು ಚುರುಕು ಎಂದು ಹೆಸರು. ಒಮ್ಮೆ ಫೇಲಾಗಿದ್ದೆ ಎಂದು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ, ಗಂಡನಿಗೂ.

ದಶಕ ಮುಗಿಯುವ ಹೊತ್ತಿಗೆ, ನಿವೃತ್ತಿಗೆ ಇನ್ನೂ ಕೆಲವು ತಿಂಗಳಿರುವಾಗ ಮೇಷ್ಟ್ರು ಎದೆನೋವು ಬಂದು ತೀರಿಕೊಂಡರು. ಶಾಲೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಫೋಟೋ ಇಟ್ಟು ಸಂತಾಪ ಸಭೆ ಮಾಡಿದರು. ನಾನೂ ನನ್ನ ಯಜಮಾನರೂ ಹೋಗಿದ್ದೆವು. ಕಮಿಟಿಯ ಅಧ್ಯಕ್ಷರು ಮೈಕಿನಲ್ಲಿ ವರ್ಷವರ್ಷದ ಬ್ಯಾಚನ್ನು ಕೂಗುತ್ತಿದ್ದರು, ಒಂದೊಂದು ಬ್ಯಾಚಿನವರು ಬಂದು ಹೂವು ಹಾಕಿ ಹೋಗುತ್ತಿದ್ದರು. ಫಸ್ಟ್ ಕ್ಲಾಸಿನವರ ಹೆಸರನ್ನೂ ಓದಿದರು. ನನ್ನ ವರ್ಷ ಬಂದು ಹೋಯಿತು. ನಾನು ಕೂತಲ್ಲೇ ಕೂತೆ, ಆ ವರ್ಷ ಪಾಸಾದವರ ಜೊತೆ ನಾನು ಹೇಗೆ ಹೋಗಲಿ?

ಅಷ್ಟರಲ್ಲಿ ಅಕ್ಕ ಮೈಕಿನ ಹತ್ತಿರ ಹೋಗಿ, ನಮ್ಮನ್ನು ಕರೆಯಲೇ ಇಲ್ಲವಲ್ಲ ಎಂದಳು. ನಿಮ್ಮದು ಯಾವ ವರ್ಷವಮ್ಮ ಎಂದು ಅಧ್ಯಕ್ಷರು ಕೇಳಿದರು.

"ನಮ್ದು ವರ್ಸ ಇಲ್ಲ ಸಾ. ಫೇಲಾಗಿದ್ದೋರು ಬನ್ನಿ ಅಂತ ಕೂಗಿ."

ಸಾವಿನ ಸಭೆಯಲ್ಲಿ ಇದೆಂಥ ಮಾತು ಎಂದು ಅಧ್ಯಕ್ಷರು ಹಿಂದೆ ಮುಂದೆ ನೋಡಿದರು. ಅಕ್ಕ ಮೈಕನ್ನು ತಾನೇ ತೆಗೆದುಕೊಂಡು ಕೂಗಿದಳು. ಮೊದಲು ಯೂನಿಫಾರಮ್ಮಿನಲ್ಲೇ ಬಂದಿದ್ದ ಒಬ್ಬ ಬಸ್ ಕಂಡಕ್ಟರು ಎದ್ದ. ಆಮೇಲೆ ಒಬ್ಬ ಪೊಲೀಸಿನವನು, ಆಸ್ಪತ್ರೆಯ ನರ್ಸೊಬ್ಬಳು, ಡೈರಿಯ ಕಾರ್ಯದರ್ಶಿ. ಬ್ಯಾಚುಗಳ ಜೊತೆ ಹೋಗದೆ ಗೋಡೆ ಪಕ್ಕ, ಮರದ ಕೆಳಗೆ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಸಾಲು ಕಟ್ಟಿದರು. ಇಷ್ಟು ಜನ ಫೇಲಾಗಿದ್ದರೇ ಎಂದು ನನ್ನ ಯಜಮಾನರು ಬೆರಗಾಗಿ ನೋಡುತ್ತಿದ್ದರು.

"ನಾನೂ ಫೇಲಾಗಿದ್ದೆ ಕಣ್ರೀ, ಲೆಕ್ಕದಲ್ಲಿ" ಎಂದು ಹೇಳಿ, ನನ್ನ ಬ್ಯಾಗನ್ನು ಅವರ ಕೈಗೆ ಕೊಟ್ಟು ಸಾಲಿಗೆ ಹೋದೆ. ಕೊನೆಯಲ್ಲಿ ನಿಲ್ಲಲು ಗೇಟಿನಿಂದಾಚೆಗೆ ನಡೆಯಬೇಕಾಯಿತು.